ಕೆಂಪು ಕಂಡರೆ ಮೇನ್ ತೆಗಿ

ಪರದೆಯ ಮೇಲೆ ಕೆಂಪು ಅಕ್ಷರ ಕಂಡರೆ ಸಾಕು, ಅವಳು ಕಂಪ್ಯೂಟರನ್ನೇ ಆರಿಸಿಬಿಡುತ್ತಿದ್ದಳು. ಸಿಂಧನೂರಿನ ಒಂದು ತರಬೇತಿ ಕೇಂದ್ರದಲ್ಲಿ ನಾನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತೇನೆ. ಬರೆದದ್ದರಲ್ಲಿ ತಪ್ಪಿದ್ದರೆ ಕೆಂಪು ಅಕ್ಷರದಲ್ಲಿ ಇಂಗ್ಲಿಷ್ ಸಂದೇಶ ಬರುತ್ತದೆ. ಉಳಿದವರು ಗಾಬರಿಯಾಗಿ ನನ್ನನ್ನು ಕರೆಯುತ್ತಾರೆ. ಈಕೆ ಕರೆಯುತ್ತಿರಲಿಲ್ಲ, ಓದುತ್ತಲೂ ಇರಲಿಲ್ಲ. ಗೋಡೆಯ ಸ್ವಿಚ್ ಆರಿಸಿ ಕೈಕಟ್ಟಿ ಕೂತುಬಿಡುವಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬೆಳಗಿನಿಂದ ಬರೆದದ್ದೆಲ್ಲ ಹೋಗಿ ಮತ್ತೆ ಮೊದಲಿನಿಂದ ಶುರು.

ಮುಕ್ಕುಂದದಿಂದ ಬಸ್ಸಿನಲ್ಲಿ ಬರುತ್ತಿದ್ದ ಸಣ್ಣ ವಯಸ್ಸಿನ ಹೆಂಗಸು. ಗಂಡ ತೀರಿಕೊಂಡಿದ್ದ. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬರುತ್ತಿದ್ದಳು. ಕೋರ್ಸ್ ಮುಗಿದರೆ ಲಿಂಗಸುಗೂರಿನ ಕಚೇರಿಯೊಂದರಲ್ಲಿ ಕೆಲಸ ಸಿಗುವ ಮಾತಿತ್ತು. ಇಲ್ಲದಿದ್ದರೆ ಮತ್ತೆ ಮಂದಿಯ ಗದ್ದೆಯಲ್ಲಿ ನಾಟಿ, ಕಳೆ.

ಯಾರೋ ಕೇಂದ್ರದ ಮಾಲೀಕರ ಕಿವಿಗೆ ಹಾಕಿದರು. ಮಾಲೀಕರು ನನ್ನನ್ನು ಕರೆದು, ಹೀಗೆ ಆರಿಸಿ ಆರಿಸಿ ಮಷಿನ್ ಕೆಡಿಸುತ್ತಾಳೆ, ಇನ್ನೊಂದು ಸಲ ಆರಿಸಿದರೆ ಅವಳ ಸೀಟು ಬೇರೆಯವರಿಗೆ ಎಂದರು. ಯಾಕೆ ಆರಿಸುತ್ತಾಳೆಂದು ಕೇಳಿದಿರಾ ಅಂದೆ. ಕೇಳುವುದೇನಿದೆ, ದಡ್ಡಿ ಎಂದರು. ನನಗೆ ಮೈಯೆಲ್ಲ ಉರಿಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ನಾನೇ ಕೇಳಿದೆ. ತಲೆ ಎತ್ತದೆ ಹೇಳಿದಳು. ಅವರು ಕೂಲಿ ಮಾಡುತ್ತಿದ್ದ ಗದ್ದೆಯ ಮೋಟರಿನ ಸ್ಟಾರ್ಟರ್ ಡಬ್ಬಿಯಲ್ಲಿ ಕೆಂಪು ದೀಪ ಹತ್ತಿತ್ತಂತೆ. ಗಂಡ ಮೇನ್ ಸ್ವಿಚ್ ತೆಗೆದು ಕರೆಂಟ್ ನಿಲ್ಲಿಸದೆ ಡಬ್ಬಿಯೊಳಗೆ ಕೈ ಹಾಕಿದ್ದಾನೆ. ಶಾಕ್ ಹೊಡೆದು ಅಲ್ಲೇ ಹೋದ. ಅಂದಿನಿಂದ ಅತ್ತೆ ಮನೆಯವರಿಗೆಲ್ಲ ಒಂದು ಕಟ್ಟಳೆ ಮಾಡಿದ್ದರು.

"ಕೆಂಪ್ ಕಂಡ್ರ ಮೊದ್ಲು ಮೇನ್ ತಗೀರಿ, ಮುಂದಿಂದು ಆಮ್ಯಾಲ ಅಂದಾರ್ರಿ. ನನ್ ಕೈ ತಾನ ಹೋಗ್ತೈತ್ರಿ ಮೇಡಂ."

ನಾನು ಬುತ್ತಿ ಮುಚ್ಚಿಟ್ಟೆ.

ಸಂಜೆ ಮಸ್ಕಿಗೆ, ನನ್ನ ಮನೆಗೆ, ಹೋಗುವ ಬಸ್ಸಿನುದ್ದಕ್ಕೂ ಪೈಥಾನ್ ಮಾಡಿದ ಪುಣ್ಯಾತ್ಮರನ್ನು ಬೈದುಕೊಂಡೆ. ಹೊಸಬರಿಗೆ ತಪ್ಪು ತಿಳಿಸಲು ಕೆಂಪೇ ಬೇಕಿತ್ತೇ? ಮನೆಗೆ ಹೋದವಳೇ ಆ ಸಂದೇಶಗಳನ್ನು ಕನ್ನಡದಲ್ಲಿ ತೋರಿಸುವ ಚಿಕ್ಕ ಪ್ರೋಗ್ರಾಮ್ ಬರೆದೆ. ಅಕ್ಷರ ಕಪ್ಪು. ಪ್ರತಿಯೊಂದರ ತಲೆಯ ಮೇಲೆ ‘ಏನೂ ಆಗಿಲ್ಲ’ ಎಂದು ಹಾಕಿದೆ. ಕೆಳಗೆ ತಪ್ಪು ಯಾವ ಸಾಲಿನಲ್ಲಿದೆ, ಏನು ಮಾಡಬೇಕು ಎಂಬುದು. ಬಹಳ ಚೆನ್ನಾಗಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಅವಳ ಪಕ್ಕದಲ್ಲೇ ಕೂತೆ. ಭತ್ತದ ಚೀಲಗಳನ್ನು ಕೂಡಿಸುವ ಲೆಕ್ಕ ಬರೆಯುತ್ತಿದ್ದಳು. ಮಾಲೀಕರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸಂದೇಶ ಬಂತು: ‘ಏನೂ ಆಗಿಲ್ಲ. ಎರಡನೇ ಸಾಲಿನಲ್ಲಿ ಚೀಲ ಎಂದು ಬರೆದಿದ್ದೀರಿ. ಚೀಲ ಎಷ್ಟೆಂದು ಇನ್ನೂ ಹೇಳಿಲ್ಲ. ಅದನ್ನು ಮೇಲೆ ಬರೆದು ಮತ್ತೆ ನಡೆಸಿ.’

ಅವಳ ಕೈ ಗೋಡೆಯ ಕಡೆಗೆ ಹೋಯಿತು. ಕೈ ಅಲ್ಲೇ ನಿಂತಿತು. ತುಟಿ ಆಡಿಸುತ್ತ ಪೂರ್ತಿ ಓದಿದಳು, ಬಿಟ್ಟದ್ದನ್ನು ಬರೆದಳು, ನಡೆಸಿದಳು. ಲೆಕ್ಕ ಬಂತು. ಮಾಲೀಕರು ತಲೆಯಾಡಿಸಿ ಒಳಗೆ ಹೋದರು. ಸೀಟು ಉಳಿಯಿತು, ನನಗೆ ಕುಣಿಯುವಷ್ಟು ಖುಷಿ.

ಅವಳು ನಗಲಿಲ್ಲ. ಎಲ್ಲ ಸಂದೇಶಕ್ಕೂ ಮೊದಲ ಸಾಲು ಇದೇ ಏನು ಎಂದು ಕೇಳಿದಳು. ಹೌದು, ಹೊಸಬರಿಗೆ ಧೈರ್ಯ ಬರಲಿ ಅಂತ ಹಾಕಿದೆ ಎಂದೆ. ಪರದೆಯ ಮೇಲಿನ ಆ ಸಾಲಿಗೆ ಬೆರಳಿಟ್ಟಳು.

"ನಮ್ಮ ಮನಿಯವ್ರೂ ಅವತ್ತು ಹಿಂಗ ಅಂದಿದ್ರು ಮೇಡಂ. ಬ್ಯಾಡ್ರಿ ಅಂತ ನಾ ಕೈ ಹಿಡದೆ. ‘ಏನೂ ಆಗಂಗಿಲ್ಲ ಬಿಡು’ ಅಂದ್ರು. ಎಲ್ಲಾದಕ್ಕೂ ಏನೂ ಆಗಿಲ್ಲ ಅಂತ ಬರದ್ರ, ಖರೇನ ಆಗೋವಾಗ ನಮಗ ಹೆಂಗ ಗೊತ್ತಾಗಬೇಕ್ರಿ?"

ಅವಳ ಎದುರಿಗೇ ಆ ಸಾಲನ್ನು ಅಳಿಸಿದೆ. ಆ ಜಾಗದಲ್ಲಿ ಏನು ಬರೆಯಬೇಕೆಂದು ನನಗೆ ಇನ್ನೂ ತಿಳಿದಿಲ್ಲ.