ಮಗಳ ದಮ್ಮಿಗೊಂದು ವಿಜ್ಞಾನದ ಪುಸ್ತಕ

ಪಠ್ಯಪುಸ್ತಕ ಕೊಳ್ಳುವಾಗ ಮೊದಲ ಪಾಠ ಓದಬೇಡಿ. ಚೀಲದ ಬಾಯಲ್ಲಿ ಚೆಂದದ ಅಕ್ಕಿ ಇಟ್ಟಿರುತ್ತಾರೆ. ನಡುವಿಗೆ ಕೈ ಹಾಕಿದರೆ ನುಚ್ಚು ಸಿಗುತ್ತದೆ. ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ ಮೂರು ಹುಡುಗಿಯರಿಗೆ ಅಡುಗೆ ಮಾಡಿ ಹಾಕುತ್ತ ಶುರುಮಾಡಿ, ಕಂಪ್ಯೂಟರ್ ಕೋರ್ಸಿಗೆ ಬರುವವರಿಗಾಗಿ ಮೂರು ಮಹಡಿಯ ಹಾಸ್ಟೆಲ್ ನಡೆಸುವಷ್ಟಕ್ಕೆ ಬಂದವಳು ನಾನು. ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿ ಅಲ್ಲಿಗೆ ಮುಟ್ಟಿದವಳಲ್ಲ.

ಆಗ ಊರ ತುಂಬ ಕಟ್ಟಡಗಳು ಏಳುತ್ತಿದ್ದವು. ಲಿಂಗಂಪಲ್ಲಿಯ ನಮ್ಮ ಮನೆಯ ಸುತ್ತ ಸಿಮೆಂಟಿನ ಧೂಳು. ಒಂಬತ್ತು ವರ್ಷದ ಮಗಳಿಗೆ ದಮ್ಮು ಹೆಚ್ಚಾಗಿ ಶಾಲೆ ಪದೇ ಪದೇ ತಪ್ಪುತ್ತಿತ್ತು. ಒಂದು ವರ್ಷ ಮನೆಯಲ್ಲೇ ಓದಿಸಿ ಎಂದರು ಡಾಕ್ಟರು. ಲೆಕ್ಕ, ಇಂಗ್ಲಿಷ್ ಹೇಳಿಕೊಡಲು ಹಾಸ್ಟೆಲಿನ ಹುಡುಗಿಯರಿದ್ದರು. ಉಳಿದದ್ದು ವಿಜ್ಞಾನ, ಅದರಲ್ಲೂ ಅವಳ ಒಂದೇ ಪ್ರಶ್ನೆ: "ಅವ್ವಾ, ನನಗಷ್ಟ ಯಾಕ ದಮ್ಮು ಬರ್ತೈತಿ?" ಅದನ್ನು ಕೇಳುತ್ತ ಕೇಳುತ್ತ ಇನ್‌ಹೇಲರ್ ಬೇಡವೆಂದು ಹಟ ಹಿಡಿಯತೊಡಗಿದ್ದಳು. ಯಾಕೆ ಎಂದರೆ ಬಾಯಿ ಬಿಡುತ್ತಿರಲಿಲ್ಲ. ಅವಳಿಗೆ ಉತ್ತರ ಕೊಡುವ ಪುಸ್ತಕ ನನಗೆ ತುರ್ತಾಗಿ ಬೇಕಿತ್ತು. ನಾವು ಗದಗಿನ ಕಡೆಯ ಕ್ರೈಸ್ತರು. ದೇವರನ್ನು ಬಿಟ್ಟ ಪುಸ್ತಕವೂ ಬೇಡ, ಉತ್ತರವನ್ನು ಬಿಟ್ಟ ಪುಸ್ತಕವೂ ಬೇಡ. ಕೋಠಿಯ ಪುಸ್ತಕದಂಗಡಿಗಳನ್ನೆಲ್ಲ ಜಾಲಾಡಿದೆ. ಶಾಲೆಯ ಪುಸ್ತಕಗಳಲ್ಲಿ ಉಸಿರಾಟಕ್ಕೆ ನಾಲ್ಕು ಸಾಲು ಕೊಟ್ಟು ಕೈ ತೊಳೆದುಕೊಂಡಿದ್ದರು.

ನಮ್ಮ ಚರ್ಚಿನ ಸಭೆಯಲ್ಲಿ ಬೆಂಗಳೂರಿನ ಹೆಣ್ಣುಮಗಳೊಬ್ಬಳಿದ್ದಳು. ಗಂಡನ ಪ್ರಾಜೆಕ್ಟಿಗೆಂದು ಅಮೆರಿಕಕ್ಕೆ ಹೋಗಿ, ಬರುವಾಗ ಪೆಟ್ಟಿಗೆಗಟ್ಟಲೆ ಪುಸ್ತಕ ತಂದು ಮಾರುತ್ತಿದ್ದಳು.

"ಅಕ್ಕಾ, ಅಲ್ಲಿ ಮನೇಲೇ ಓದಿಸೋ ಕ್ರೈಸ್ತರೆಲ್ಲ ಈ ವಿಜ್ಞಾನದ ಪುಸ್ತಕಾನೇ ತಗೊಳೋದು."

"ಅವರೆಲ್ಲಾರ ಮನಿ ಹೊಕ್ಕು ನೋಡಿ ಬಂದೀರೇನ್ರಿ?"

ಅವಳು ನಕ್ಕು, "ಬನ್ನಿ, ಮೊದಲು ಪ್ರಾರ್ಥನೆ ಮಾಡೋಣ" ಎಂದಳು. ಅವಳ ವ್ಯಾಪಾರದ ರೀತಿಯೇ ಅದು. ಮಗಳ ಆರೋಗ್ಯಕ್ಕಾಗಿ ಗದ್ಗದಿತಳಾಗಿ ಬೇಡಿಕೊಂಡು, ಆಮೆನ್ ಎಂದ ಮರುಗಳಿಗೆ ಬೆಲೆ ಹೇಳುವುದು. ಆಮೇಲೆ ಚೌಕಾಶಿಗಿಳಿದರೆ ದೇವರ ಹತ್ತಿರವೇ ಎಳೆದಾಡಿದ ಹಾಗೆ! ನೀವು ಬೆಲೆಯನ್ನು ಪ್ರಾರ್ಥನೆಗೆ ಮೊದಲೇ ಕೇಳಿಬಿಡಿ. ನನಗೆ ಅದು ಹೊಳೆಯಲಿಲ್ಲ; ಅವಳು ಕಣ್ಣು ಮುಚ್ಚಿದಾಗ ಒಂದು ಕಣ್ಣು ತೆರೆದು ನಡುವಿನ ಪುಟ ಬಿಡಿಸಿದೆ, ಅಷ್ಟೇ.

ನುಣುಪು ಕಾಗದ, ಹಿಮದಲ್ಲಿ ನಗುವ ಮಗು. ಕೆಳಗೆ, 'ನಮಗೆ ಉಸಿರು ಕೊಟ್ಟವರು ಯಾರು? ಬಿಟ್ಟ ಸ್ಥಳ ತುಂಬಿರಿ.' ಸುಳ್ಳೇನಲ್ಲ. ಆದರೆ ಅಷ್ಟನ್ನು ನಾನೇ ತೊಟ್ಟಿಲಲ್ಲಿ ಹೇಳಿಕೊಟ್ಟಿದ್ದೆನಲ್ಲ. ಉಸಿರು ಒಳಗೆ ಹೋಗುವುದು ಹೇಗೆ, ಸಿಕ್ಕಿಕೊಳ್ಳುವುದು ಯಾಕೆ ಎಂಬುದೇ ಇರಲಿಲ್ಲ.

"ದಮ್ಮಿನ ಮಾತು ಎಲ್ಲೈತ್ರಿ ಇದರಾಗ?"

"ಅದಕ್ಕೆಲ್ಲ ನಂಬಿಕೆ ಬೇಕು ಅಕ್ಕಾ."

ಒಂದು ವಾರ ಮನೆಯಲ್ಲಿಟ್ಟು ನೋಡುತ್ತೇನೆಂದು ಪುಸ್ತಕ ತಂದೆ. ಇಷ್ಟು ಅವಕಾಶ ಕೊಡದವರ ಹತ್ತಿರ ಏನನ್ನೂ ಕೊಳ್ಳಬೇಡಿ.

ಅದೇ ವಾರ ಸಭೆಯ ಇನ್ನೊಬ್ಬರು, ನಮ್ಮ ಕಡೆಯವರೇ ಆದ ನಿವೃತ್ತ ಮಾಸ್ತರರು, ನಾನು ಪುಸ್ತಕ ಹುಡುಕುತ್ತಿರುವುದು ತಿಳಿದು, ಮೊಮ್ಮಕ್ಕಳಿಗಾಗಿ ತಾವೇ ಬರೆದ ಪಾಠಗಳ ಝೆರಾಕ್ಸ್ ಕಟ್ಟು ಹಿಡಿದು ಮನೆಗೆ ಬಂದರು. ಚಿತ್ರವಿಲ್ಲ, ಬಣ್ಣವಿಲ್ಲ. ಝೆರಾಕ್ಸಿನ ಖರ್ಚು ಕೊಟ್ಟರೆ ಸಾಕೆಂದರು. ಲಾಭ ಬೇಡವೆನ್ನುವವರನ್ನು ಕಂಡರೆ ನನ್ನ ಅನುಮಾನ ದುಪ್ಪಟ್ಟಾಗುತ್ತದೆ.

"ಇದರಾಗ ನಿಮಗೇನ್ ಸಿಗ್ತೈತ್ರಿ, ಮಾಸ್ತರ?"

"ಹೊತ್ತು ಹೋಗ್ತೈತವ್ವಾ. ಮನ್ಯಾಗ ಕುಂತ್ರ ಸೊಸಿ ಕಾಯಿಪಲ್ಯಾ ತರಾಕ ಕಳಿಸ್ತಾಳ."

ಉಸಿರಾಟದ ಪಾಠ ನನ್ನೆದುರಿಗೇ ಮಾಡಿ ತೋರಿಸಿ ಎಂದೆ. ಪಾಠದ ನೆತ್ತಿಯ ಮೇಲೆ ಬೈಬಲ್ಲಿನ ಕೀರ್ತನೆಯ ಒಂದು ಸಾಲು, ಅದರ ಕೆಳಗೆ 'ಒಂದು ಬಾಟಲಿ ತಾ' ಎಂದಿತ್ತು. ಮಾಸ್ತರರು ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಅಲ್ಲಿಗೆ ಬಲೂನಿನ ರಬ್ಬರು ಬಿಗಿದರು. ಇನ್ನೊಂದು ಬಲೂನನ್ನು ಸ್ಟ್ರಾ ಕೊಳವೆಯ ತುದಿಗೆ ಕಟ್ಟಿ ಬಾಟಲಿಯೊಳಗೆ ಇಳಿಬಿಟ್ಟು, ಬಾಯಿಗೆ ಮೇಣ ಮೆತ್ತಿದರು. ಮಗಳು ತಳದ ರಬ್ಬರು ಎಳೆದಳು. ಒಳಗಿನ ಬಲೂನು ಉಬ್ಬಿತು.

"ಈಗ ಕೊಳವಿ ಹಿಚುಕಿ ರಬ್ಬರ ಎಳಿ ನೋಡೋಣು."

ಎಳೆದಳು. "ಉಬ್ಬವಲ್ದರಿ."

"ಬಲೂನಿಂದೇನರ ತಪ್ಪೈತೇನು?"

"ಇಲ್ಲರಿ. ಕೊಳವಿ ಸಣ್ಣದಾಗೇತಿ." ಮಗಳು ಕೊಳವೆ ಹಿಚುಕಿಕೊಂಡೇ ಕೇಳಿದಳು: "ಅಂದ್ರ ದಮ್ಮು ಬರೂದು ನಾ ಪ್ರಾರ್ಥನಾ ಸರಿಯಾಗಿ ಮಾಡಲಾರದಕ್ಕ ಅಲ್ಲನ್ರಿ?"

"ಹಂಗಂತ ಯಾರ ಹೇಳಿದ್ರು ನಿನಗ?"

"ಅವ್ವ."

ಹೌದು, ಹೇಳಿದ್ದೆ. ಹಾಸ್ಟೆಲಿನಲ್ಲಿ ನೀರಿಲ್ಲದ ಒಂದು ದಿನ, ಇವಳ ಪ್ರಶ್ನೆ ಮುಗಿಯದೆ ಹೋದಾಗ, "ಸರಿಯಾಗಿ ಪ್ರಾರ್ಥನಾ ಮಾಡು, ಹೋಗ್ತೈತಿ" ಎಂದು ಬಾಯಿ ಮುಚ್ಚಿಸಿದ್ದೆ. ಅಂದಿನಿಂದ ಇನ್‌ಹೇಲರ್ ಹಿಡಿದರೆ ದೇವರನ್ನು ನಂಬಲಿಲ್ಲವೆಂದಾಗುತ್ತದೆ ಎಂದು ಮಗು ಹೆದರಿಕೊಂಡಿತ್ತು. ಊರಿನ ಪುಸ್ತಕಗಳನ್ನೆಲ್ಲ ಅನುಮಾನಿಸಿದ ನನಗೆ ನನ್ನ ನಾಲಿಗೆಯ ಮೇಲೆ ಅನುಮಾನ ಬಂದಿರಲಿಲ್ಲ.

ಮಾಸ್ತರರು ನನ್ನತ್ತ ನೋಡದೆ, "ನಿನ್ನ ಔಷಧ ಆ ಕೊಳವಿ ಸಡ್ಲ ಮಾಡ್ತೈತವಾ. ಅದಕ್ಕ ದೇವರಿಗೆ ಸಿಟ್ಟು ಬರಂಗಿಲ್ಲ" ಎಂದರು.

"ನಾ ಹೇಳಿದ್ದು ತಪ್ಪಾತು," ಎಂದೆ ಮಗಳಿಗೆ. "ಮಾಸ್ತರ ಹೇಳಿದ್ದು ಖರೆ."

ಅವಳು ನನ್ನನ್ನು ಅನುಮಾನದಿಂದಲೇ ನೋಡಿ ಬಾಟಲಿ ಮುಂದೆ ಹಿಡಿದಳು. "ಅವರು ಹೇಳಿದ್ರಂತ ಅನಬ್ಯಾಡ. ನೀನೂ ಮಾಡಿ ನೋಡು."

ಕೊಳವೆ ಹಿಚುಕಿ ರಬ್ಬರು ಎಳೆದೆ, ಬಲೂನು ಅಲುಗಲಿಲ್ಲ. ಬೆರಳು ಸಡಿಲಿಸಿದೆ. ಉಬ್ಬಿತು. ಉಳಿದ ಪಾಠಗಳನ್ನೂ ತಂದುಕೊಡಿ ಎಂದು ಮಾಸ್ತರರಿಗೆ ಹೇಳುವಷ್ಟರಲ್ಲಿ ಮಗಳು ಎದ್ದು, ಇನ್‌ಹೇಲರ್ ಎಲ್ಲಿಟ್ಟಿದ್ದೀ ಎಂದು ಕೇಳುತ್ತ ಒಳಗೆ ಹೋಗಿದ್ದಳು.