ಸಣ್ಣ ದನಿ ಕೇಳುತ್ತಿದ್ದ ಸರ್

ಭಾನುವಾರ, ಬೆಳಿಗ್ಗೆ ಏಳೂವರೆ. ಬನಹಟ್ಟಿಯ ನಮ್ಮ ಓಣಿಯಲ್ಲಿದ್ದ ಎಲೆಕ್ಟ್ರಾನಿಕ್ಸ್ ಕಲಿಸುವ ಸರ್ ಬಗ್ಗೆ ಬರೆಯಲು ಕುಳಿತೆ.

ಎಳೆ ಹರಿದರೂ ನಮ್ಮ ಕರೆಂಟ್ ಮಗ್ಗ ತಾನಾಗಿ ನಿಲ್ಲದೆ ಅವ್ವ ನೇಯುತ್ತಿದ್ದ ಎರಡು ಸೀರೆ ಕೆಟ್ಟಿದ್ದವು. ಮೂರನೆಯದೂ ಕೆಟ್ಟರೆ ವ್ಯಾಪಾರಿ ನೂಲು ಕೊಡುವುದನ್ನೇ ನಿಲ್ಲಿಸುತ್ತಿದ್ದ. ನಮ್ಮ ಮನೆಗೆ ಬಂದ ಸರ್ ಕನ್ನಡಕವನ್ನು ಹಣೆಗೇರಿಸಿ, ಎಳೆ ಕಾಯುವ ಸೆನ್ಸರಿನ ಕರೆಂಟ್ ಅಳೆದರು. ಅದರ ಸುದ್ದಿಯನ್ನು ಬೆಳಕಿನ ಮೂಲಕ ಮೋಟಾರಿನ ಕಡೆಗೆ ದಾಟಿಸುವ ಆಪ್ಟೋಕಪ್ಲರ್ ಎಂಬ ಪುಟ್ಟ ಬಿಡಿಭಾಗದ ಒಳಗಿನ ದೀಪ, ಅಷ್ಟು ಸಣ್ಣ ಕರೆಂಟಿಗೆ ಸರಿಯಾಗಿ ಹೊತ್ತುತ್ತಿರಲಿಲ್ಲ.

"ಕರೆಂಟ್ ಜಾಸ್ತಿ ಬಿಡ್ರಲ್ಲ ಸರ," ಎಂದರು ಅಪ್ಪ.

"ಸೆನ್ಸರ್ ಸುಟ್ಟ ಹೋಗತೈತ್ರಿ. ಮೊದಲ ಸಣ್ಣ ದನಿ ಕೇಳೂಣು." ಇದು ಸರ್ ಯಾವಾಗಲೂ ಆಡುವ ಮಾತು.

ಕಡಿಮೆ ಕರೆಂಟಿಗೇ ಓಗೊಡುವ, ತುಸು ನಿಧಾನದ ಆಪ್ಟೋಕಪ್ಲರನ್ನು ಆರಿಸಿ ಕೂಡಿಸಿದರು. ಮಗ್ಗಕ್ಕೆ ಆ ವೇಗ ಸಾಕಂತೆ. ಬಿಸಿಯಾದಾಗ ಅದು ಸುಳ್ಳು ಸುದ್ದಿ ಕೊಡಬಹುದೆಂದು ಬಿಸಿಲೇರುವವರೆಗೆ ಮಗ್ಗ ಓಡಿಸಿ ನೋಡಿದರು. ಒಮ್ಮೆಯೂ ಸುಮ್ಮನೆ ನಿಲ್ಲಲಿಲ್ಲ. ಆಮೇಲೆ ಕತ್ತರಿಯಿಂದ ಒಂದು ಎಳೆ ಕಡಿದೇಬಿಟ್ಟರು.

"ಅಯ್ಯ ಸರ, ನನ್ನ ಸೀರಿ!" ಅವ್ವ ಚೀರಿದಳು.

ಮಗ್ಗ ನಿಂತಿತ್ತು.

"ಇನ್ನ ಗಂಟ ಹಾಕವಾ ತಂಗಿ," ಎಂದು ಸರ್ ನಕ್ಕರು.

ಆ ಸೀರೆ ಕೆಡಲಿಲ್ಲ. ಸರ್‌ಗೆ ವರ್ಗವಾಗಿದೆ, ಪಕ್ಕದ ಮನೆಯ ಮಗ್ಗಕ್ಕೆ ಈಗ ನಾನೇ ಆಪ್ಟೋಕಪ್ಲರ್ ಆರಿಸಬೇಕು. ಬೇಸಿಗೆಯ ಶೆಡ್ಡಿನಲ್ಲಿ ಇನ್ನೂ ಚಲೋ ಬಾಳುವಂಥದ್ದು ಗೊತ್ತಿದ್ದವರು ದಯವಿಟ್ಟು ನನಗೆ ಬರೆಯಿರಿ.