ಮೊದಲು ಕಲಿತದ್ದು ‘ಬೇಡ’

ಕಿರವತ್ತಿಯ ಹೆದ್ದಾರಿ ಬದಿಯ ಢಾಬಾ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಾರ್ವತವ್ವ ರೊಟ್ಟಿ ಬಡಿಯುತ್ತಿದ್ದಾರೆ. ಒಲೆಯ ಮುಂದೆ ಕೂತ ಮೊಮ್ಮಗ, ಏಳು ವರ್ಷದ ದರ್ಶನ, ಬೆಲ್ಲದ ಡಬ್ಬಿಯನ್ನೇ ನೋಡುತ್ತಾನೆ. ಅಜ್ಜಿಯ ಕೈ ತಾನಾಗಿ ಡಬ್ಬಿಯತ್ತ ಹೋಗುತ್ತದೆ.

‘ತಡೀರಿ. ಅವ ಕೇಳ್ಲಿ,’ ಎನ್ನುತ್ತಾರೆ ರಾತ್ರಿ ಇಲ್ಲೇ ಉಳಿದಿದ್ದ ಮಮತಾ.

‘ಮಾತ ಬರದ ಕೂಸು ಹೆಂಗ ಕೇಳಬೇಕ್ರಿ ಬಾಯಾರ? ನಿಮ್ಮ ಎದೀ ಏನ್ ಕಲ್ಲೇನು?’

‘ಕಲ್ಲೇ. ರೊಟ್ಟಿ ಸೀದೋಗ್ತದೆ, ಅದ್ನ ನೋಡ್ಕಳಿ.’

ದರ್ಶನನ ಕೊರಳಲ್ಲಿ ಬೀಗದ ಕೈಗಳ ಹಾಗೆ ಚಿತ್ರಗಳ ಗೊಂಚಲು. ಹೆಚ್ಚಿನವು ಇದೇ ಢಾಬಾದ ಫೋಟೊಗಳು: ಅವನ ಲೋಟ, ಅಜ್ಜಿಯ ರೊಟ್ಟಿ, ಹಿತ್ತಿಲ ನಾಯಿ. ತಡಕಾಡಿ, ನಾಯಿಯನ್ನು ದಾಟಿ, ಕೊನೆಗೆ ಬೆಲ್ಲದ ಚಿತ್ರ ಎತ್ತಿ ಹಿಡಿಯುತ್ತಾನೆ. ಬೆಲ್ಲ ಸಿಗುತ್ತದೆ.

ಕೋಲಸಿರ್ಸಿಯ ಮಮತಾ ಶಿರಸಿಯ ಸಣ್ಣ ಸಂಸ್ಥೆಯೊಂದರ ಕಾರ್ಯಕರ್ತೆ. ಅಲ್ಲಿಗೆ ವಾಕ್ ಚಿಕಿತ್ಸಕರು ಬರುವುದು ತಿಂಗಳಿಗೊಮ್ಮೆ. ಅವರು ಹೇಳಿಕೊಟ್ಟದ್ದನ್ನು ಬಸ್ಸು ಹತ್ತಿ ಮೂರು ತಾಲ್ಲೂಕುಗಳ ಮನೆಮನೆಗೆ ಒಯ್ಯುವುದು ಇವರ ಕೆಲಸ. ಹೋದಲ್ಲೆಲ್ಲ ಮಾತು ಬರಲೆಂದು ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿ ಕಾಯುತ್ತ ಕೂತವರೇ. ‘ಮಾತು ಬರೂವಾಗ ಬರ್ಲಿ. ಅಲ್ಲೀ ತನಕ ಮಗು ಸುಮ್ನೆ ಕೂರ್ಬೇಕಾ?’ ಎಂದು ಮಮತಾ ಜಗಳಕ್ಕೇ ನಿಲ್ಲುತ್ತಾರೆ.

ಅವರು ಮೊದಲು ಕಲಿಸುವುದು ‘ಬೇಡ’. ಅಡ್ಡ ಹಿಡಿದ ಅಂಗೈಯ ಚಿತ್ರ.

‘ಅಜ್ಜಿ ಅನ್ನೂದ ಬಿಟ್ಟು ಬ್ಯಾಡ ಅನ್ನೂದ ಕಲಿಸ್ಯಾರ. ಈಗ ಜಳಕಕ್ಕೂ ಬ್ಯಾಡಂತ,’ ಎಂದು ಪಾರ್ವತವ್ವನ ದೂರು.

ಮಮತಾ ಬಗ್ಗುವುದಿಲ್ಲ. ‘ಮಾತು ಬರದ ಮಗೂನ ಯಾರು ಬೇಕಾದ್ರೂ ಎತ್ತಿ ಎಲ್ಲಿ ಬೇಕಾದ್ರೂ ಕೂರಿಸ್ತಾರೆ. ಬೇಡ ಹೇಳೂಕೆ ಬಂದ್ರೆ ಅವನೂ ಒಬ್ಬ ಮನ್ಷ.’

‘ಮಾತು ಬಂದ ಮ್ಯಾಲೆ ಕರ್ಕೊಂಡ್ ಬರ್ರಿ’ ಎಂದು ಶಾಲೆ ಈಗಾಗಲೇ ಅವನನ್ನು ವಾಪಸು ಕಳಿಸಿದೆ. ಇವತ್ತೂ ಸೇರಿಸಿಕೊಳ್ಳದಿದ್ದರೆ ಈ ವರ್ಷವೂ ಒಲೆಯ ಮುಂದೆಯೇ. ಮಮತಾ ಅವನ ತಲೆ ಬಾಚಿ ಹೊರಡಿಸುತ್ತಾರೆ.

ಶಾಲೆಯ ಜಗಲಿಯಲ್ಲಿ ಹೆಡ್ ಮಾಸ್ತರು ಗೊಂಚಲು ನೋಡುತ್ತಾರೆ. ‘ಇದೇನ್ರಿ ಕೊರಳಾಗ? ಹುಡುಗ್ರು ಹಿಡ್ದು ಎಳದಾಡ್ತಾವ. ತಗದಿಡ್ರಿ,’ ಎಂದು ತಾವೇ ಕೈ ಹಾಕುತ್ತಾರೆ. ದರ್ಶನ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ತಡಕುತ್ತಾನೆ. ಅಡ್ಡ ಹಿಡಿದ ಅಂಗೈಯ ಚಿತ್ರ ಮಾಸ್ತರ ಮೂಗಿನವರೆಗೆ ಏರುತ್ತದೆ.

‘ಮಾತು ಬಂದ್ಮೇಲೆ ಬನ್ನಿ ಹೇಳಿದ್ರಿ ಸರ್,’ ಎನ್ನುತ್ತಾರೆ ಮಮತಾ. ‘ಬಂತು. ಈಗಷ್ಟೇ ನಿಮಗೇ ಎದುರಾಡ್ದ.’

ಮಾಸ್ತರು ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. ‘ಆತ್ರಿ, ಕೂರ್ಸೂಣು. ನೋಡೂಣು.’

‘ನೋಡಿ. ಗೊಂಚಲು ಮಾತ್ರ ಕೊರಳಲ್ಲೇ ಇರ್ತದೆ.’

ಮೊದಲ ದಿನವಲ್ಲವೇ, ಮಮತಾ ತಾವೂ ತರಗತಿಯೊಳಗೆ ಹೋಗಿ ಅವನ ಪಕ್ಕ ಕೂರಲು ಬಾಗುತ್ತಾರೆ. ದರ್ಶನ ಮತ್ತೆ ಗೊಂಚಲು ತಡಕುತ್ತಾನೆ. ಅದೇ ಚಿತ್ರ. ಈ ಸಲ ಅವರ ಮುಖಕ್ಕೇ.

ಮಮತಾ ಹೊರಬಂದು ಚಪ್ಪಲಿ ಮೆಟ್ಟುತ್ತಾರೆ. ಯಲ್ಲಾಪುರದ ಬಸ್ಸಿಗೆ ಹೊತ್ತಾಗಿದೆ.

‘ನನ್ನ ಎಲ್ಲಾ ಮಕ್ಳೂ ನನ್ನನ್ನ ಹೀಂಗೇ ಹೊರಗೆ ಹಾಕ್ಬೇಕು,’ ಎನ್ನುತ್ತಾರೆ. ‘ಅದೊಂದೇ ಆಸೆ.’